ಕೆಮ್ಮಣ್ಣು ಬಳಿದ ಸೀಳು

ಕಳೆದ ಭಾನುವಾರದಿಂದ ನನಗೆ ಮರದ ಕೆಳಗೆ ನಿಲ್ಲಲು ಆಗುತ್ತಿಲ್ಲ.

ನಿನ್ನೆ ಮಧ್ಯಾಹ್ನ ಕೋಲಾರದ ಕಚೇರಿಯ ಮುಂದೆ ಹಳೆಯ ಗೆಳೆಯನೊಬ್ಬ ಸಿಕ್ಕಿದ. ಅವನು ಹೊಂಗೆಯ ನೆರಳಿಗೆ ಸರಿದು ನಿಂತ. ನಾನು ಬಿಸಿಲಲ್ಲೇ ನಿಂತು ಮಾತಾಡಿದೆ. ಒಂದು ಕಣ್ಣು ಅವನ ಮುಖದ ಮೇಲೆ, ಇನ್ನೊಂದು ಕಣ್ಣು ಅವನ ತಲೆಯ ಮೇಲಿನ ಕೊಂಬೆಯ ಮೇಲೆ.

"ಏನ್ಲಾ ಬಿ.ಎ., ಸಂಡಿಗೆ ಹಾಕ್ದಂಗೆ ಒಣಗ್ತಾ ಇದೀಯಲ್ಲೋ! ಈ ಕಡೆ ಬಾರೋ" ಎಂದು ನಕ್ಕ.

ಹೋಗಲಿಲ್ಲ. ಆ ಹೊಂಗೆಯ ತಪ್ಪೇನೂ ಇಲ್ಲ. ಅದು ಗಟ್ಟಿಯಾಗಿಯೇ ಇದೆ. (ಗಟ್ಟಿಯಾಗಿದೆ ಎಂದು ಹೇಳಿದವರು ಯಾರು? ಈಗ ನನಗೆ ಮೊದಲು ಬರುವ ಪ್ರಶ್ನೆಯೇ ಅದು.)

ಈ ವಾರ ಸೀಮೆಎಣ್ಣೆಗೆ ಕ್ಯೂ ನಿಲ್ಲುವುದರ ಬಗ್ಗೆ ಬರೆಯಬೇಕೆಂದಿದ್ದೆ. ತಮಾಷೆಯ ಲೇಖನ. ಅರ್ಧ ಬರೆದೂ ಆಗಿತ್ತು. ಹರಿದು ಹಾಕಿದೆ. ಕ್ಷಮಿಸಿ, ಈ ವಾರ ನನಗೆ ನಗು ಬರುತ್ತಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯ ಒಂದು ಊರಿಗೆ. ಊರಿನ ಹೆಸರು ಬರೆಯುವುದಿಲ್ಲ. ಅಕ್ಕ ಅಲ್ಲಿ ಬಾಳಬೇಕು. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುವ ಊರು. ರಾಗಿ, ಹಿಪ್ಪುನೇರಳೆ, ಒಂದಿಷ್ಟು ತರಕಾರಿ. ಊರ ಮುಂದೆ ರಸ್ತೆಯ ಅಂಚಿಗೆ ಒಂದು ದೊಡ್ಡ ಹುಣಸೆಮರ. ಇಬ್ಬರು ತೋಳು ಚಾಚಿ ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪ. ಎರಡಾಳೆತ್ತರಕ್ಕೆ ಹೋಗಿ ಅದು ಎರಡು ಕವಲಾಗಿತ್ತು. ಒಂದು ಕವಲು ರಸ್ತೆಯ ಮೇಲೆ, ಇನ್ನೊಂದು ಹಿಂದಿನ ಬಯಲಿನ ಮೇಲೆ. ಬುಡದಲ್ಲಿ ಮೂರು ಕಲ್ಲು. ಅಲ್ಲಿ ಊರ ದೇವರು ಮುನಿಯಪ್ಪ ಇದ್ದಾನೆ. ಮರವೇ ಅವನ ಮನೆ ಎಂದು ಊರಿನ ನಂಬಿಕೆ.

ಹೋದ ವರ್ಷ ಮುಂಗಾರಿಗೆ ಮೊದಲು ಎದ್ದ ಬಿರುಗಾಳಿಗೆ ಆ ಮರ ಕವಲಿನಿಂದ ಬುಡದವರೆಗೆ ಸೀಳಿತು. ಆಮೇಲೆ ಹೋದಾಗ ನಾನೇ ನೋಡಿದ್ದೆ. ಸೀಳಿನೊಳಗೆ ಮೊಣಕೈವರೆಗೆ ಕೈ ತೂರಿಸಬಹುದಾಗಿತ್ತು. ಆಗ ಊರಿನವರು ಏನು ಮಾಡಿದರು ಗೊತ್ತೇ? ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಹಾಗೆ ಮರಕ್ಕೂ ಬಿಗಿದರು! ಎರಡು ಚಕ್ರದ ಪಟ್ಟಿ ಕಡಿದು ಜೋಡಿಸಿ, ಕೆಂಪಗೆ ಕಾಯಿಸಿ, ಕಾಂಡಕ್ಕೆ ಸುತ್ತಿ, ತುದಿ ಬೆಸೆದು, ಕೊಡಗಟ್ಟಲೆ ನೀರು ಸುರಿದರು. ಕಬ್ಬಿಣ ತಣ್ಣಗಾಗುತ್ತ ಮರವನ್ನು ಅಮುಕಿ ಹಿಡಿಯಿತು. ತೊಗಟೆ ಸುಟ್ಟು ಕಪ್ಪಾಯಿತು.

ನಾನು ನಕ್ಕಿದ್ದೆ. "ಭಾವ, ಇನ್ನು ಕೀಲೆಣ್ಣೆ ಹಾಕಿ ಎತ್ತು ಕಟ್ಟೋದೊಂದು ಬಾಕಿ" ಎಂದಿದ್ದೆ. ಆದರೆ ಒಂದು ವರ್ಷ ಆ ಪಟ್ಟಿ ಮರವನ್ನು ಹಿಡಿದು ನಿಲ್ಲಿಸಿತು ಎಂಬುದನ್ನು ಒಪ್ಪಲೇಬೇಕು.

ಈ ವರ್ಷ ಮರದ ಎಲೆ ಅರ್ಧಕ್ಕರ್ಧ ಒಣಗಿತು. ಗೊಬ್ಬರದ ಗಾಡಿಯೊಂದರ ಮೇಲೆ ಒಣ ಕೊಂಬೆ ಬಿತ್ತು. ಎತ್ತಿನ ಬೆನ್ನು ತರಚಿ ಹೋಯಿತು. ಇನ್ನು ಇಟ್ಟುಕೊಂಡರೆ ಜೀವಕ್ಕೆ ಅಪಾಯ ಎಂದು ಊರು ಸೇರಿ ತೀರ್ಮಾನಿಸಿತು. ಕಡಿಯಲು ಅಪ್ಪಣೆಯನ್ನೂ ತಂದರು. ಇಲ್ಲಿಯವರೆಗೆ ಎಲ್ಲ ಸರಿ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಆಮೇಲೆ ನಡೆದದ್ದು ಕೇಳಿ.

ಮುನಿಯಪ್ಪನ ಮರಕ್ಕೆ ಊರಿನವರು ಕೊಡಲಿ ಇಡುವ ಹಾಗಿಲ್ಲ. ಪರ ಊರಿನ ಕೈಯೇ ಆಗಬೇಕು. ಅದಕ್ಕೆ ಮಾಲೂರು ಕಡೆಯಿಂದ ಪಾಪಣ್ಣ ಎಂಬ ಮರ ಕೊಯ್ಯುವವನನ್ನು ಕರೆಸಿದರು. ಜೊತೆಗೆ ಗರಗಸದ ಇನ್ನೊಂದು ತುದಿ ಹಿಡಿಯಲು ಅವನ ಹೆಂಡತಿಯ ತಮ್ಮ ತಿಮ್ಮ. ಈ ಪಾಪಣ್ಣ ದೊಡ್ಡ ಬಾಯಿಯ ಮನುಷ್ಯ. ಬಂದಿಳಿದ ಕೂಡಲೆ, "ನನ್ ಗರಗಸ ನೋಡಿದ್ ತಕ್ಷಣ ಅರ್ಧ ಮರ ತಾನೇ ಮಲಗ್ತಾವೆ. ಮಿಕ್ಕಿದ್ದಕ್ಕಷ್ಟೇ ನಾನು ಕೈ ಹಚ್ಚೋದು" ಎಂದನಂತೆ. ಊರು ನಕ್ಕಿತಂತೆ.

ಕಡಿಯುವ ಮುಂಚೆ ಮರಕ್ಕೆ ಪೂಜೆ. ಮರಕ್ಕೆ ನೀರೆರೆದರು. ಬುಡದಿಂದ ಕವಲಿನವರೆಗೆ ಮಣ್ಣು, ಸಗಣಿ, ಸುಣ್ಣ ಕಲಸಿ ಮೆತ್ತಿದರು. ಅದರ ಮೇಲೆ ಕೆಮ್ಮಣ್ಣು. ಕೆಮ್ಮಣ್ಣಿನ ಮೇಲೆ ಸುಣ್ಣದ ಪಟ್ಟೆ. ದೇವರನ್ನು ಕಳಿಸಿಕೊಡುವಾಗ ಹರಕು ಮೈಯಲ್ಲಿ ಕಳಿಸಬಾರದಂತೆ. ಹೀಗೆ ಸೀಳು ಮಾಯವಾಯಿತು. ಮರ ಹೊಸದಾಗಿ ಗಾರೆ ಮಾಡಿದ ಕಂಬದ ಹಾಗೆ ಆಯಿತು.

ಕಬ್ಬಿಣದ ಪಟ್ಟಿ? ಅದನ್ನು ಹಿಂದಿನ ದಿನವೇ ಬೆಸುಗೆ ಕಡಿದು ಬಿಚ್ಚಿದ್ದರು! ಯುದ್ಧದ ಕಾಲ, ಕಬ್ಬಿಣ ಎಲ್ಲಿ ಸಿಗುತ್ತದೆ? ಮರ ಬಿದ್ದು ಪಟ್ಟಿ ಸೊಟ್ಟಗಾದರೆ ದಂಡ ಎಂದು ಜೋಪಾನವಾಗಿ ಬಿಚ್ಚಿ ಎತ್ತಿಟ್ಟರು. ಮರದ ಎರಡು ಹೋಳನ್ನು ಹಿಡಿದಿಟ್ಟಿದ್ದ ಒಂದೇ ಒಂದು ವಸ್ತು ಅದು. ಅದನ್ನು ತೆಗೆದು, ಸೀಳಿಗೆ ಮಣ್ಣು ಮೆತ್ತಿ, ಬಣ್ಣ ಬಳಿದು, ಹೂವು ಮುಡಿಸಿ, ಕೋಳಿ ಕುಯ್ದು, ಪರ ಊರಿನವನ ಕೈಗೆ ಕೊಟ್ಟರು.

ಪಾಪಣ್ಣ ಕೇಳಿದನಂತೆ. ಭಾವನೇ ಆಮೇಲೆ ಹೇಳಿದ ಮಾತಿದು. "ಏನ್ ಪಟೇಲ್ರೇ, ಮರ ಗಟ್ಟಿ ತಾನೆ? ಒಳಗೆ ಪೊಳ್ಳು ಗಿಳ್ಳು, ಸೀಳು ಗೀಳು ಏನೂ ಇಲ್ವಲ್ಲ?"

ಪಟೇಲರು ಕೆನ್ನೆಗೆ ಬಡಿದುಕೊಂಡರು. "ನಮ್ಮಪ್ಪ ಕೂತಿರೋ ಮರ ಕಣಯ್ಯಾ. ಬಂಡೆ ಇದ್ದಂಗೈತೆ."

"ಒಂಚೂರು ಕೆರೆದು ನೋಡ್ಲಾ?"

"ಈಗಿನ್ನೂ ಪೂಜೆ ಆಗೈತೆ. ಕೆರೆಯೋದಾ? ಏಮಯ್ಯಾ, ತಲೆ ನೆಟ್ಟಗೈತಾ ನಿಂಗೆ?"

ಸುತ್ತ ಇಡೀ ಊರಿನ ಗಂಡಸರು ನಿಂತಿದ್ದರು. ಆ ಸೀಳಿನೊಳಗೆ ಕೈಯಿಟ್ಟು ನೋಡದವರು ಅವರಲ್ಲಿ ಯಾರೂ ಇರಲಿಲ್ಲ. ಒಬ್ಬನಾದರೂ ಕೆಮ್ಮಿದನೇ? ಒಬ್ಬನಾದರೂ ಕಣ್ಣು ಮಿಟುಕಿಸಿದನೇ? ಮರದ ಎದುರಿಗೇ ಮರದ ಊನ ಆಡಬಾರದಂತೆ. ಆಡಿದವನ ಮನೆಗೆ ಮುನಿಯಪ್ಪ ಬರುತ್ತಾನಂತೆ. ನನ್ನ ಭಾವನೂ ಅಲ್ಲೇ ಇದ್ದ. ಒಳ್ಳೆಯ ಮನುಷ್ಯ. ಇರುವೆಯನ್ನೂ ದಾಟಿಕೊಂಡು ಹೋಗುವವನು. ಅವನೂ ಬಾಯಿ ಬಿಡಲಿಲ್ಲ.

ನಾನು ಬಂದದ್ದು ಇದೆಲ್ಲ ಆದ ಮೇಲೆ. ಬಸ್ಸು ಊರಿನಿಂದ ಈಚೆಗೇ ನಿಂತಿತು. "ಮರ ಕೆಡವ್ತಾವ್ರೆ ಸ್ವಾಮಿ, ಇಳ್ಕೊಂಡು ನಡೀರಿ" ಎಂದ ಕಂಡಕ್ಟರು. ಇಳಿದೆ. ದೂರದಿಂದಲೇ ಜನ ಕಾಣಿಸಿದರು. ನಾಟಕಕ್ಕೆ ಸೇರಿದ ಹಾಗೆ ರಸ್ತೆಯ ಎರಡೂ ಕಡೆ ಗುಂಪು. ಮರ ಕೆಂಪಗೆ ಹೊಳೆಯುತ್ತಿತ್ತು. ರಸ್ತೆಯ ಕಡೆಗೆ ಬೀಳಲೆಂದು ಆ ಮಗ್ಗುಲಿಗೆ ಕೊಡಲಿಯಿಂದ ಕಚ್ಚು ಹಾಕಿ ಆಗಿತ್ತು. ಈಗ ಪಾಪಣ್ಣನೂ ತಿಮ್ಮನೂ ಹಿಂದಿನ ಬಯಲಿನ ಕಡೆ ಮಂಡಿಯೂರಿ ಗರಗಸ ಎಳೆಯುತ್ತಿದ್ದರು. ಜೀ... ಜೂ... ಜೀ... ಜೂ...

ಪಟ್ಟಿ ಕಾಣಲಿಲ್ಲ. ಸೀಳೂ ಕಾಣಲಿಲ್ಲ. ಒಂದು ಕ್ಷಣ ಇದು ಬೇರೆ ಮರವೇನೋ ಅನ್ನಿಸಿತು. ಭಾವನ ಪಕ್ಕ ಹೋಗಿ ಕೇಳಿದೆ. "ಭಾವ, ಸೀಳಿತ್ತಲ್ಲ?"

ಭಾವ ತುಟಿಯ ಮೇಲೆ ಬೆರಳಿಟ್ಟ.

"ಅವರಿಗೆ ಗೊತ್ತಾ?"

ಭಾವ ನೆಲ ನೋಡಿದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ನಾನು ಎಂಜಿನಿಯರ್ ಅಲ್ಲ. ಕಾಲೇಜಿನಲ್ಲಿ ಓದಿದ್ದು ಚರಿತ್ರೆ. ಆದರೆ ಸೀಳಿದ ಮರ ಎಂದರೆ ಒಂದು ಮರವಲ್ಲ, ಅಂಟಿಕೊಂಡು ನಿಂತ ಎರಡು ಮರ ಎಂಬುದು ತಿಳಿಯಲು ಎಷ್ಟು ಓದು ಬೇಕು? ಗರಗಸ ಸೀಳಿನವರೆಗೆ ಹೋದರೆ ಹಿಂದಿನ ಹೋಳು ಬುಡ ಕಳೆದುಕೊಳ್ಳುತ್ತದೆ. ಅದರ ಭಾರವೆಲ್ಲ ಹಿಂದಕ್ಕಿದೆ. ಹಿಂದೆ ಯಾರು ಕೂತಿದ್ದಾರೆ?

ಓಡಿದೆ. "ನಿಲ್ಸ್ರೋ! ಮರ ಸೀಳೈತೆ! ಎದ್ದು ಬರ್ರೋ!" ಎಂದು ಕೂಗಿದೆ. ಕೂಗಿದೆನೋ, ಕೂಗಿದೆ ಎಂದುಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಅಷ್ಟರಲ್ಲಿ ಪಟೇಲರು ನನ್ನ ತೋಳು ಹಿಡಿದು ಜಗ್ಗಿದರು. "ಚೆಪ್ಪೊದ್ದು ನಾಯನಾ! ಹೇಳ್ಬಾರ್ದು! ಒಳ್ಳೆ ಗಳಿಗೇಲಿ ಅಪಶಕುನ ಆಡ್ಬೇಡಿ!"

ಪಾಪಣ್ಣ ನನ್ನ ಕಡೆ ತಿರುಗಿದ. ಏನೋ ಕೂಗುತ್ತಿದ್ದಾರೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಗರಗಸ ನಿಂತಿತು. ಅವನು ನಗುತ್ತಿದ್ದ.

ಆಗ ಮರ ಬಾಯಿ ಬಿಟ್ಟಿತು.

ಸದ್ದು ದೊಡ್ಡದೇನೂ ಇರಲಿಲ್ಲ. ಹಸಿ ಬಟ್ಟೆ ಹರಿದ ಹಾಗೆ. ಕೆಮ್ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗಿನಿಂದ ಕಪ್ಪು ಗೆರೆಯೊಂದು ಬುಡದಿಂದ ಕವಲಿನವರೆಗೆ ಓಡಿತು. ಹಿಂದಿನ ಹೋಳು, ಇಡೀ ಕವಲಿನ ಸಮೇತ, ಮೊದಲು ನಿಧಾನವಾಗಿ ವಾಲಿತು, ಆಮೇಲೆ ನಿಧಾನವಿರಲಿಲ್ಲ. ತಿಮ್ಮ ಪಕ್ಕಕ್ಕೆ ಹಾರಿದ. ಪಾಪಣ್ಣ ಎದ್ದ, ಒಂದು ಹೆಜ್ಜೆ ಇಟ್ಟ. ಒಂದು ಕೊಂಬೆ ನನ್ನ ಭುಜದ ಪಕ್ಕದಿಂದ ಹಾದು ಕೋಟಿನ ತೋಳನ್ನು ಹರಿದುಕೊಂಡು ನೆಲಕ್ಕೆ ಬಿತ್ತು. ಧೂಳು. ಹುಣಸೆಕಾಯಿ ಆಲಿಕಲ್ಲಿನ ಹಾಗೆ ತಲೆಯ ಮೇಲೆಲ್ಲ ಸುರಿದವು.

ಧೂಳಿನೊಳಗಿನಿಂದ ಪಾಪಣ್ಣನ ದನಿ ಬಂತು. "ತಿಮ್ಮಾ, ನನ್ ಕಾಲು ಎಲ್ಲೋ?"

ಈ ಒಂದು ವಾರದಲ್ಲಿ ಆ ಮಾತು ಎಷ್ಟು ಸಲ ಕೇಳಿಸಿದೆಯೋ! ಊಟಕ್ಕೆ ಕೂತರೆ ಕೇಳಿಸುತ್ತದೆ. ಯಾರಾದರೂ ಬಟ್ಟೆ ಹರಿದರೆ ಎದ್ದು ನಿಲ್ಲುತ್ತೇನೆ.

ಕಾಲು ಕವಲಿನ ಅಡಿಯಲ್ಲಿತ್ತು. ಹಾರೆ ಹಾಕಿ ಎತ್ತಲು ಊರೆಲ್ಲ ಓಡಿ ಬಂತು. ಆಗ ನೋಡಬೇಕಿತ್ತು ಆ ಜನರ ಒಗ್ಗಟ್ಟು! ಒಬ್ಬ ನೀರು ತಂದ, ಒಬ್ಬ ತನ್ನ ಪಂಚೆಯನ್ನೇ ಹರಿದು ಕಟ್ಟಿದ, ಭಾವ ಗಾಡಿ ಹೂಡಿ ಹುಲ್ಲು ಹಾಸಿದ. ಎತ್ತನ್ನು ಹೊಡೆದುಕೊಂಡು ಬಸ್ಸಿನವರೆಗೆ ಓಡಿಸಿದ. ಕೆಟ್ಟ ಜನ ಎಂದು ನಾನು ಹೇಳುತ್ತಿಲ್ಲ. ಅದೇ ನನಗೆ ಸಿಟ್ಟು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಒಬ್ಬನ ಪ್ರಾಣಕ್ಕೆ ಪಂಚೆ ಹರಿಯಬಲ್ಲವರು ಅದಕ್ಕೆ ಅರ್ಧ ಗಂಟೆ ಮೊದಲು ಒಂದು ಮಾತು ಯಾಕೆ ಆಡಲಾರರು?

ಕೋಲಾರದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ಗರಗಸ ಎಳೆಯುವವನಿಗೆ ಕೈಯಷ್ಟೇ ಮುಖ್ಯ ಕಾಲು. ಊರಿ ನಿಲ್ಲದೆ ಎಳೆಯುವುದು ಹೇಗೆ?

ನಾನು ನೋಡಲು ಹೋದಾಗ ಅವನ ಹೆಂಡತಿ ಮಾಲೂರಿನಿಂದ ಬಂದಿದ್ದಳು. ನನ್ನ ಕೋಟು ನೋಡಿ ಡಾಕ್ಟರು ಎಂದುಕೊಂಡು ಎದ್ದು ನಿಂತಳು. ಅಲ್ಲ, ಆ ಊರಿನ ನಂಟ ಎಂದೆ. ಅವಳ ಮುಖ ಬದಲಾಯಿತು.

"ಊರೋರ್ಗೆಲ್ಲಾ ಗೊತ್ತಿತ್ತಂತಲ್ಲ ಸ್ವಾಮಿ. ಒಬ್ರ ಬಾಯಾಗೂ ನಾಲಿಗೆ ಇರ್ಲಿಲ್ವಾ? ನಾಯಿ ಕಚ್ಚೋದಾದ್ರೆ ಬಾಗ್ಲಲ್ಲೇ ನಿಂತು ಹೇಳ್ತಾರಲ್ಲಪ್ಪಾ ಜನ. 'ಬರ್ಬೇಡಮ್ಮಾ, ನಾಯಿ ಐತೆ' ಅಂತಾರಲ್ಲ."

 ಪಾಪಣ್ಣ ಛಾವಣಿ ನೋಡುತ್ತ ಮಲಗಿದ್ದ.  ಅಲ್ಲಿಂದ ಕಣ್ಣು ತೆಗೆಯದೆ ಅಂದ. "ಎರಡು ಮರ ಅಂತ ಹೇಳಿದ್ರೆ ಎರಡು ಮರದ ಕೆಲ್ಸ ಮಾಡ್ತಿದ್ದೆ ಬುದ್ಧೀ. ಸರಪಣಿ ಬಿಗಿದು, ಮೇಲಿಂದ ಕೊಂಬೆ ಒಂದೊಂದಾಗಿ ಹಗ್ಗ ಕಟ್ಟಿ ಇಳಿಸ್ತಿದ್ದೆ. ಇಲ್ಲಾ ಅಂದ್ರೆ, ನನ್ ಕೈಲಾಗಲ್ಲ ಅಂತ ಬಸ್ ಹತ್ತಿ ಹೋಗ್ತಿದ್ದೆ. ಆಗಲ್ಲ ಅನ್ನೋಕೆ ನನಗೇನ್ ನಾಚಿಕೆ?"

ನಮ್ಮಲ್ಲಿ ಇದೊಂದು ರೋಗ. ಹೇಳಬಾರದ ಮಾತುಗಳ ರೋಗ. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ತುಂಬಿತು ಎನ್ನುತ್ತೇವೆ. ಸಂಜೆಯಾದ ಮೇಲೆ ಉಪ್ಪನ್ನು ಉಪ್ಪು ಎನ್ನುವುದಿಲ್ಲ. ಹಾವನ್ನು ಹುಳ ಎನ್ನುತ್ತೇವೆ. ಇರಲಿ. ನನ್ನ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು, ಆ ಮಾತುಗಳ ಮೇಲೆ ನನಗೆ ಪ್ರೀತಿಯೇ ಇದೆ. ಅಕ್ಕಿ ತುಂಬಿತು ಎಂದರೆ ಮನೆಯವರಿಗೆ ಅರ್ಥವಾಗುತ್ತದೆ, ಯಾರಾದರೂ ಅಂಗಡಿಗೆ ಹೋಗಿ ತರುತ್ತಾರೆ. ಹುಳ ಎಂದರೂ ಎಲ್ಲರೂ ಎಗರಿ ನಿಲ್ಲುತ್ತಾರೆ. ಅಲ್ಲಿ ಮಾತು ಬೇರೆಯಾದರೂ ಸುದ್ದಿ ತಲುಪುತ್ತದೆ.

ಆದರೆ ಪರ ಊರಿನವನ ಹತ್ತಿರ ಬಾಯಿ ಮುಚ್ಚಿಕೊಂಡರೆ ಏನು ತಲುಪುತ್ತದೆ? ಹಾಯುವ ಎತ್ತನ್ನು ಹಸುವಿನಂಥದ್ದು ಎಂದು ಮಾರುತ್ತೇವೆ. ಮೂರ್ಛೆ ಬರುವ ಗಂಡಿಗೆ ಹೆಣ್ಣು ತರುವಾಗ, ಕರೆದ ನಂಟರೆಲ್ಲ ವಧುವಿನ ಅಪ್ಪನ ಎದುರು ಬೋಂಡ ತಿನ್ನುತ್ತ ಕೂತಿರುತ್ತಾರೆ. ಮನೆಯಲ್ಲಿ ಅಮ್ಮ ಬಂದಿದ್ದರೆ (ಸಿಡುಬಿಗೆ ನಾವು ಇಟ್ಟ ಮರ್ಯಾದೆಯ ಹೆಸರು) ಅದನ್ನೂ ಮುಚ್ಚಿಟ್ಟು, ಮಗು ಎತ್ತಿಕೊಂಡು ಬಂದವಳನ್ನು ಒಳಗೆ ಕರೆಯುತ್ತೇವೆ. ಎಲ್ಲವೂ ಮರ್ಯಾದೆಗಾಗಿ! ಯಾರ ಮರ್ಯಾದೆ? ಯಾರ ಕಾಲು?

ಮುನಿಯಪ್ಪನನ್ನು ಬೈಯುತ್ತಿದ್ದೇನೆ ಎಂದು ಕೆಲವರು ಪತ್ರ ಬರೆಯುವುದು ಖಂಡಿತ. ಇಲ್ಲ ಸ್ವಾಮಿ. ನಿಜವನ್ನು ಕೇಳಿ ಕೋಪ ಮಾಡಿಕೊಳ್ಳುವಷ್ಟು ಸಣ್ಣವನು ಅವನು ಎಂದು ತೀರ್ಮಾನಿಸಿದವರು ನೀವು. ಅವನನ್ನು ಬೈದದ್ದು ನಾನೋ ನೀವೋ?

ಮೊನ್ನೆ ಮತ್ತೆ ಆ ಊರಿಗೆ ಹೋಗಿದ್ದೆ. ಪಟೇಲರು ನನ್ನನ್ನು ಕಂಡು ಎರಡೂ ಕೈ ಎತ್ತಿ ಮುಗಿದರು. "ನೋಡಿದ್ರಾ, ಅವತ್ತು ನಾನ್ ಹಿಡ್ಕೊಂಡಿದ್ದಕ್ಕೆ ನೀವು ಉಳ್ಕೊಂಡ್ರಿ. ಮುನಿಯಪ್ಪನೇ ನನ್ ಕೈಲಿ ಹಿಡಿಸ್ದ!" ಎಂದರು. ಊರೆಲ್ಲ ಹಾಗೇ ಹೇಳಿಕೊಂಡು ತಿರುಗುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಅದು ಸುಳ್ಳೆಂದಲ್ಲ. ನಿಜ! ಇನ್ನೆರಡು ಹೆಜ್ಜೆ ಓಡಿದ್ದರೆ ನಾನೂ ಆ ಕವಲಿನ ಅಡಿಯಲ್ಲಿರುತ್ತಿದ್ದೆ. ನನ್ನ ಬಾಯಿ ಮುಚ್ಚಿಸಲು ಹಿಡಿದ ಕೈ ನನ್ನನ್ನು ಬದುಕಿಸಿತು. ಇದನ್ನು ಯಾರ ಲೆಕ್ಕಕ್ಕೆ ಬರೆಯಲಿ?

"ಪಾಪಣ್ಣನ್ನ ಯಾಕೆ ಹಿಡಿಯಲಿಲ್ಲ ನಿಮ್ಮ ಮುನಿಯಪ್ಪ?" ಎಂದೆ.

"ಅವ್ನು ಬಾಯಿಬಡುಕ. ಗರಗಸ ನೋಡಿದ್ರೆ ಮರ ಮಲಗ್ತದೆ ಅಂದ್ನಲ್ಲ. ದೇವ್ರು ಕೇಳ್ಸ್ಕೊಂಡ" ಎಂದರು.

ಅಂದರೆ ತಪ್ಪೂ ಅವನದೇ.

ಈಗ ಇನ್ನೊಂದು ವಿಷಯ. ಇದಕ್ಕಾಗಿಯೇ ಈ ವಾರದ ಬರಹ. ಮುಂದಿನ ಹೋಳು ಇನ್ನೂ ನಿಂತಿದೆ. ರಸ್ತೆಯ ಕಡೆ ವಾಲಿದೆ. ಅದರ ಬುಡದಲ್ಲಿ ಅವತ್ತು ಹಾಕಿದ ಕೊಡಲಿಯ ಕಚ್ಚು ಹಾಗೇ ಇದೆ. ಹಿಂದೆ ಆಸರೆಯಾಗಿದ್ದ ಹೋಳು ಇಲ್ಲ. ಅದರ ಕೆಳಗೇ ಬಸ್ಸು ಓಡಾಡುತ್ತದೆ. ಓಡಾಡುತ್ತದೆ ಎಂದೆನೆ? ಇದ್ದಿಲ ಹೊಗೆಯಲ್ಲಿ ನಡೆಯುವ ಈಗಿನ ಬಸ್ಸಿಗೆ ಊರ ಮುಂದಿನ ಏರು ಹತ್ತಲು ಉಸಿರು ಸಾಲದು. ಸರಿಯಾಗಿ ಮರದ ಕೆಳಗೆ ನಿಲ್ಲುತ್ತದೆ. ಪ್ರಯಾಣಿಕರು ಇಳಿದು, ಹೆಂಗಸರು ಮಕ್ಕಳ ಸಮೇತ, ಆ ಕೊಂಬೆಯ ಅಡಿಯಲ್ಲೇ ನಿಂತು ತಳ್ಳುತ್ತಾರೆ.

ಡ್ರೈವರನ್ನು ಕೇಳಿದೆ. "ಮೇಲೆ ನೋಡಿದ್ರೆ ಭಯ ಆಯ್ತದೆ ಸಾರ್. ಅದಕ್ಕೇ ನಾನು ನೋಡಲ್ಲ" ಎಂದ.

ತಾಲ್ಲೂಕಿನ ಕಚೇರಿಗೆ ಹೋಗಿ ಹೇಳಿದೆ. ರಸ್ತೆಗೆ ಅಡ್ಡ ಕಟ್ಟಿಸಿ, ಬಸ್ಸನ್ನು ಕೆರೆ ಏರಿಯ ಮೇಲೆ ಬಳಸಿ ಕಳಿಸಿ, ಮೊದಲು ಹಗ್ಗ ಕಟ್ಟಿ ಆ ಕೊಂಬೆಗಳ ಭಾರ ಇಳಿಸಿ, ಆಮೇಲೆ ಬುಡ ಮುಟ್ಟಿ ಎಂದೆ. ಪೂರ್ತಿ ಕೇಳಿಕೊಂಡ ಗುಮಾಸ್ತರು ಗಂಭೀರವಾಗಿ ಕೇಳಿದರು. "ಒಂದು ಮರ ಕಡಿಯೋಕೆ ಅಪ್ಪಣೆ ಆಗಿತ್ತಲ್ಲ. ಅದು ಬಿದ್ದಾಯ್ತು ಅಂತ ರಿಪೋರ್ಟು ಬಂದಿದೆ. ನೀವು ಹೇಳ್ತಿರೋದು ಯಾವ ಮರ?"

ಊರಿನವರು ಸುಮ್ಮನೆ ಕೂತಿಲ್ಲ. ನಿಂತ ಹೋಳಿಗೂ ಪೂಜೆ ಮಾಡಿದ್ದಾರೆ. ಹರಿದು ಬಾಯಿ ಬಿಟ್ಟಿದ್ದ ಒಳಮೈಗೆ ಮಣ್ಣು ಮೆತ್ತಿ, ನುಣ್ಣಗೆ ಕೆಮ್ಮಣ್ಣು ಬಳಿದಿದ್ದಾರೆ. ಕಚ್ಚಿನ ಗಾಯವೂ ಮುಚ್ಚಿದೆ. ರಸ್ತೆಯಲ್ಲಿ ನಿಂತು ನೋಡಿದರೆ ಮೊದಲಿನಿಂದಲೂ ಹಾಗೇ ಬೆಳೆದ ಮರ ಎನ್ನಬೇಕು. ಇನ್ನೊಬ್ಬ ಪರ ಊರಿನವನಿಗೆ ಹೇಳಿ ಕಳಿಸಿದ್ದಾರಂತೆ. ಹೊಸಕೋಟೆ ಕಡೆಯವನೋ, ಚಿಂತಾಮಣಿ ಕಡೆಯವನೋ, ಹೆಸರೇನು ಎಂದರೆ ಭಾವ ಮತ್ತೆ ನೆಲ ನೋಡುತ್ತಾನೆ. ನಾನೇ ಹೋಗಿ ಎಚ್ಚರಿಸೋಣವೆಂದರೆ ಯಾರ ಮನೆಯ ಬಾಗಿಲು ತಟ್ಟಲಿ?

ಗರಗಸ ಹಿಡಿಯುವವರಲ್ಲಿ ಪತ್ರಿಕೆ ಓದುವವರಿಲ್ಲ. ಓದುವವರು ನೀವು. ನಿಮ್ಮೂರಿನ ಬೀದಿಯಲ್ಲೋ, ಬಸ್ಸಿನಲ್ಲೋ, ಗರಗಸಕ್ಕೆ ಗೋಣಿ ಸುತ್ತಿಕೊಂಡು ಶ್ರೀನಿವಾಸಪುರದ ಕಡೆ ಹೊರಟವನೊಬ್ಬ ಕಂಡೇ ಕಾಣುತ್ತಾನೆ.

ಅವನಿಗೆ ಹೇಳುತ್ತೀರಾ, ಇಲ್ಲ ನಿಮಗೂ ಅಪಶಕುನವೋ?